ಹಾಳೆ ಅಲುಗಬೇಕು

ದೇವಿರಮ್ಮ ಒಂಟಿಕೊಪ್ಪಲಿನ ಸುಂದರೇಶ ಮೇಷ್ಟರ ಮನೆಗೆ ಹಾಲು ಹಾಕಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಬೆಳಗ್ಗೆ ಆರು ಗಂಟೆಗೆ ಗೇಟಿನ ಹತ್ತಿರ ನಿಂತು "ಆಲೂ..." ಎಂದು ಎಳೆದು ಕೂಗುತ್ತಿದ್ದಳು. ಆ ಹನ್ನೊಂದು ವರ್ಷದಲ್ಲಿ ಮೇಷ್ಟರ ಹೆಂಡತಿ ಚೂಡಾಮಣಿ ಒಂದು ದಿನವಾದರೂ ಅದನ್ನು ಆಲೂಗಡ್ಡೆ ಎಂದುಕೊಂಡು ಬುಟ್ಟಿ ಹಿಡಿದು ಬಂದದ್ದಿಲ್ಲ, ಪಾತ್ರೆಯನ್ನೇ ತಂದಿದ್ದಳು. ಅರ್ಥವಾಗಬೇಕಾದವರಿಗೆ ಅರ್ಥವಾಗುತ್ತಿತ್ತು. ಇಷ್ಟು ಸಣ್ಣ ವಿಷಯ ಮೇಷ್ಟರ ತಲೆಗೆ ಮೊದಲೇ ಹೊಕ್ಕಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಮೇಷ್ಟರು ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದರು. ಅವರ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು, ತಂದೆ ಅರಮನೆಯ ಕಚೇರಿಯಲ್ಲಿ ಬರವಣಿಗೆ ನೋಡಿಕೊಂಡವರು. ಆ ಮನೆಯ ಮಕ್ಕಳಿಗೆ ಹಾಲುಹಲ್ಲು ಬೀಳುವುದರೊಳಗೆ ಮಹಾಪ್ರಾಣ ಬರಬೇಕಾಗಿತ್ತು. ಬಾರದಿದ್ದರೆ ಊಟಕ್ಕೆ ಮುಂಚೆ ಹತ್ತು ಸಲ ಹೇಳಿಸುತ್ತಿದ್ದರು. ಮೇಷ್ಟರು ಸ್ವಭಾವದಲ್ಲಿ ಒಳ್ಳೆಯವರು. ತೊಂದರೆ ಇರುವುದೇ ಅಲ್ಲಿ. ಕೆಟ್ಟವರು ನಮ್ಮ ಬಾಳಿಗೆ ಕೈ ಹಾಕಲು ಬಂದರೆ ತಪ್ಪಿಸಿಕೊಂಡು ಓಡಬಹುದು. ಒಳ್ಳೆಯವರು ಬಂದರೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಪ್ಪಿಸಿಕೊಳ್ಳಬೇಕಾಗುತ್ತದೆ.

ದೇವಿರಮ್ಮನ ಒಬ್ಬನೇ ಮಗ ಮಹದೇವು. ಗಂಡ ಜವರಯ್ಯ ತೀರಿಕೊಂಡ ಮೇಲೆ ಅವಳು ಕುಂಬಾರಕೊಪ್ಪಲಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಮಗನನ್ನು ಬಿ.ಎ., ಬಿ.ಟಿ. ಮಾಡಿಸಿದ್ದಳು. ಹೈಸ್ಕೂಲಿನಲ್ಲಿ ಮಹದೇವು ಮೇಷ್ಟರ ಶಿಷ್ಯನೇ. ಅವನಂಥ ಹುಡುಗ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇನ್ನೊಬ್ಬ ಸಿಕ್ಕಿರಲಿಲ್ಲ. ಬೇರೆಯವರು ಚರಿತ್ರೆಯನ್ನು ಉರು ಹೊಡೆದರೆ ಇವನು ಪಕ್ಕದ ಬೀದಿಯ ಜಗಳವನ್ನು ನೋಡಿಬಂದವನ ಹಾಗೆ ಹೇಳುತ್ತಿದ್ದ. ಆದರೂ ಓದು ಮುಗಿಸಿ ಎರಡು ವರ್ಷವಾದರೂ ಕೆಲಸವಿರಲಿಲ್ಲ. ಎರಡು ಸ್ಕೂಲಿನ ಸಮಿತಿಗಳು ಅವನ ಪಾಠ ಕೇಳಿ, ವಿಷಯಜ್ಞಾನ ಬಹಳ ಚೆನ್ನಾಗಿದೆ, ಉಚ್ಚಾರ ಸಾಲದು ಎಂದು ಹಿಂದಕ್ಕೆ ಕಳಿಸಿದ್ದವು. ಹ ಎನ್ನುವ ಅಕ್ಷರ ಅವನ ಬಾಯಲ್ಲಿ ಇರಲಿಲ್ಲ. ಹಾಸನ ಆಸನವಾಗುತ್ತಿತ್ತು, ಹುಲಿ ಉಲಿಯಾಗುತ್ತಿತ್ತು.

ಕನ್ನಡ ನಾಡೆಲ್ಲ ಒಂದಾಗಿ ಐದು ತಿಂಗಳಾಗಿತ್ತು. ಒಂದೇ ನಾಡು, ಒಂದೇ ನುಡಿ ಎಂದು ಟೌನ್‌ಹಾಲಿನಲ್ಲಿ ಭಾಷಣದ ಮೇಲೆ ಭಾಷಣ. ಅದೇ ಏಪ್ರಿಲ್‌ನಲ್ಲಿ ಮೇಷ್ಟರ ಸ್ಕೂಲಿನಲ್ಲಿ ಚರಿತ್ರೆಗೆ ಇನ್ನೊಬ್ಬ ಉಪಾಧ್ಯಾಯರ ಜಾಗ ಖಾಲಿಯಾಯಿತು. ಜೂನ್‌ನಲ್ಲಿ ಸಮಿತಿಯ ಮುಂದೆ ಪಾಠ ಮಾಡಿ ತೋರಿಸಬೇಕು. ವಿಷಯವನ್ನೂ ಕೊಟ್ಟಿದ್ದರು: ಗ್ರೀಕರು ಮತ್ತು ಅವರ ನೆರೆಹೊರೆ. ಮೇಷ್ಟರು ಮಹದೇವುವನ್ನು ಕರೆಸಿದರು.

"ನೋಡಯ್ಯ, ಪಾಠದ ವಿಷಯದಲ್ಲಿ ನಿನಗೆ ನಾನು ಹೇಳೋದೇನೂ ಇಲ್ಲ. ಒಂದೇ ಒಂದು ಕೊರತೆ. ಅದನ್ನ ನಾನು ಸರಿ ಮಾಡ್ತೀನಿ. ನಲವತ್ತೈದು ದಿನ, ದಿನಾ ಸಾಯಂಕಾಲ ಬಾ."

"ಆಗ್ಲಿ ಸಾ," ಎಂದ ಮಹದೇವು. "ಈ ಕೆಲ್ಸ ಒಂದ್ ಸಿಕ್ಬುಟ್ರೆ ಅವ್ವನ ತಲೆ ಮೇಲಿನ ಬಿಂದ್ಗೆ ಇಳುಸ್ಬೋದು."

ಹೀಗೆ ಜಗಲಿಯ ಮೇಲೆ ಪಾಠ ಶುರುವಾಯಿತು. ಮೇಷ್ಟರು ಹೋದ ವರ್ಷದ ಪಂಚಾಂಗದಿಂದ ಒಂದು ಹಾಳೆ ಹರಿದು, ಉದ್ದಕ್ಕೆ ಸೀಳಿ, ಶಿಷ್ಯನ ಕೈಗೆ ಕೊಟ್ಟರು. ಅದನ್ನು ಬಾಯಿಂದ ಗೇಣುದ್ದ ದೂರ ಹಿಡಿಯಬೇಕು. ಹ ಎಂದರೆ ಉಸಿರು ತಾಗಿ ಹಾಳೆ ಅಲುಗಬೇಕು. ಅಲುಗದಿದ್ದರೆ ಅದು ಹ ಅಲ್ಲ, ಅ. ಅವರ ತಾತ ಅವರಿಗೆ ಕಲಿಸಿದ್ದೂ ಹೀಗೆಯೇ.

"ಹಾಸನದ ಹಾದೀಲಿ ಹಳೇ ಹಲಸಿನ ಹಣ್ಣು. ಹೇಳು."

"ಆಸನದ ಆದೀಲಿ..."

"ಹಾಳೆ ನೋಡು! ಅಲುಗಿತೇನು?"

"ಇಲ್ಲ ಸಾ."

"ಮತ್ತೆ ಹೇಳು."

ಬಿಸಿಲು ಇಳಿಯುವವರೆಗೂ ಇದೇ. ನಡುವೆ ಚೂಡಾಮಣಿ ಕಾಫಿ ತಂದುಕೊಡುತ್ತಿದ್ದಳು. ಮೇಷ್ಟರಿಗೆ ಬೆಳ್ಳಿಯ ಲೋಟ. ಮಹದೇವುವಿಗೆ ಜಗಲಿಯ ಗೂಡಿನಲ್ಲಿ ಮಗುಚಿ ಇಟ್ಟಿರುತ್ತಿದ್ದ ಬೇರೆ ಲೋಟ. ಅದು ಮೇಷ್ಟರ ತಾಯಿ ಇದ್ದಾಗಿನ ಕಟ್ಟಳೆ. ತಾಯಿ ಹೋಗಿ ನಾಲ್ಕು ವರ್ಷವಾದರೂ ಲೋಟ ಗೂಡಿನಲ್ಲೇ ಇತ್ತು. ಮೇಷ್ಟರ ಕಣ್ಣಿಗೆ ಅದು ದಿನವೂ ಬೀಳುತ್ತಿತ್ತು, ಸರಿಮಾಡಬೇಕು ಎಂದು ದಿನವೂ ಅನ್ನಿಸುತ್ತಿತ್ತು. ಮಾಡಿರಲಿಲ್ಲ. ಮಹದೇವು ಕುಡಿದು ತೊಳೆದು ಮತ್ತೆ ಮಗುಚಿ ಇಡುತ್ತಿದ್ದ.

ಕಾಫಿಯ ಹೊತ್ತಿನಲ್ಲಿ ಅವನು ಓದಿಕೊಂಡು ಬಂದದ್ದನ್ನು ಹೇಳುತ್ತಿದ್ದ. ಆಗ ಹಾಳೆ ಪಕ್ಕಕ್ಕೆ ಹೋಗುತ್ತಿತ್ತು, ಮಾತು ಹಳ್ಳಕ್ಕೆ ನೀರು ಬಿಟ್ಟ ಹಾಗೆ ಹರಿಯುತ್ತಿತ್ತು.

"ಗ್ರೀಕರ ಕಿವಿಗೆ ಪಕ್ಕದೋರ ಮಾತೆಲ್ಲ ಬರ್ ಬರ್ ಅಂತ ಕೇಳುಸ್ತಿತ್ತಂತೆ ಸಾ. ಅದ್ಕೇ ಬರ್ಬರರು ಅಂದ್ಬುಟ್ರು. ಥ್ರೇಸಿನೋರು ಬೆಣ್ಣೆ ತಿಂತಾರೆ, ಥೂ ಅನ್ನೋರು. ಸಿಥಿಯಾದೋರು ಆಲು ಕುಡೀತಾರೆ, ಷರಾಯಿ ತೊಡ್ತಾರೆ, ಥೂ ಅನ್ನೋರು. ಬೆಣ್ಣೆ ತಿಂದೋನು ಬರ್ಬರ ಅಂದ್ರೆ ನಮ್ ಕೃಷ್ಣ ಏನಾದ ಸಾ?"

ಮೇಷ್ಟರು ಕಾಫಿ ನೆತ್ತಿಗೇರುವ ಹಾಗೆ ನಕ್ಕರು.

"ಇನ್ನೊಂದ್ ಅದೆ ಸಾ. ಅಥೆನ್ಸ್ ಊರಲ್ಲಿ ಆ ಸಿಥಿಯಾದೋರ್ನೇ ತಂದು ಪೊಲೀಸ್ ಕೆಲ್ಸಕ್ಕೆ ಇಟ್ಕೊಂಡಿದ್ರಂತೆ. ಆಮೇಲೆ ನಾಟಕದಲ್ಲಿ ಅವುರ್ದೇ ಪಾತ್ರ ಮಾಡಿ ನಗೋರು. ಯಾಕ್ ಗೊತ್ತಾ? ಪಾಪ, ಪೊಲೀಸಿನೋನಿಗೆ ಮಾಪ್ರಾಣ ಬರಾಕಿಲ್ಲ!" ಮಹದೇವು ತೊಡೆ ತಟ್ಟಿಕೊಂಡು ನಕ್ಕ. "ನಮ್ಮೋನೇ ಅನ್ನಿ ಸಾ ಅವ್ನು. ನೆಂಟ."

ಮೇಷ್ಟರೂ ನಕ್ಕರು. ನಕ್ಕು, "ಸರಿ, ಹಾಳೆ ತೊಗೋ," ಎಂದರು. ಇವತ್ತಿಗೂ ಆ ಗಳಿಗೆ ನೆನಪಾದರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ.

ಇಪ್ಪತ್ತು ದಿನವಾಗುವಷ್ಟರಲ್ಲಿ ಹಾಳೆ ಅಲುಗಿತು. ಮೂವತ್ತನೆಯ ದಿನ ಪಟಪಟ ಎಂದಿತು. ಹಾಸನ, ಹಾದಿ, ಹಲಸು, ಹಣ್ಣು, ಹೆಲ್ಲಾಸ್, ಹೆಲ್ಲೆನರು, ಒಂದೂ ತಪ್ಪಲಿಲ್ಲ. ಗ್ರೀಕರು ತಮ್ಮ ನಾಡನ್ನು ಹೆಲ್ಲಾಸ್ ಎಂದೂ ತಮ್ಮನ್ನು ಹೆಲ್ಲೆನರು ಎಂದೂ ಕರೆದುಕೊಳ್ಳುತ್ತಿದ್ದರಾದ್ದರಿಂದ ಈ ಎರಡನ್ನು ದಿನಕ್ಕೆ ನೂರು ಸಲ ಹೇಳಿಸಿದ್ದರು. ಮೇಷ್ಟರಿಗೆ ಎಲ್ಲಿಲ್ಲದ ಹಿಗ್ಗು.

ಅಂದು ಅವನು ಹೋದ ಮೇಲೆ ಚೂಡಾಮಣಿ ಬಾಗಿಲಲ್ಲಿ ನಿಂತು, "ಏನೂಂದ್ರೆ, ಇವತ್ತು ಆ ಹುಡುಗ ಹೊರಡೋವಾಗ 'ಹಮ್ಮಾವರೇ, ಬರ್ತೀನಿ' ಅಂದ ಕಣ್ರೀ," ಎಂದಳು.

"ಏನು?"

"ಹಮ್ಮ. ಮೊನ್ನೆ ಹರಮನೆ ಅಂದ. ಮೊದಲು ಹೀಗಿರಲಿಲ್ಲ."

"ಹೊಸ ಎತ್ತು ಕಣೇ. ನೇಗಿಲು ಕಟ್ಟಿದ ಹೊಸದರಲ್ಲಿ ಬದುವನ್ನೂ ಉಳುತ್ತೆ. ತಾನೇ ಸರಿಹೋಗುತ್ತೆ ಬಿಡು," ಎಂದರು ಮೇಷ್ಟರು. ಜನ್ಮದಲ್ಲಿ ನೇಗಿಲು ಮುಟ್ಟಿದವರಲ್ಲ, ಗಾದೆ ಹೇಳುವವರ ಹಾಗೆ ಹೇಳಿಬಿಟ್ಟರು.

ತಪ್ಪು ಇಲ್ಲೇ ಇತ್ತು. ಹಾಳೆ ಅಲುಗಬೇಕಾದ ಮಾತುಗಳನ್ನಷ್ಟೇ ಅವರು ಹೇಳಿಸಿದ್ದರು. ಆನೆ, ಅಕ್ಕಿ, ಅರಸು, ಅಮ್ಮ ಎನ್ನುವಾಗ ಹಾಳೆ ಸುಮ್ಮನಿರಬೇಕು ಎನ್ನುವುದನ್ನು ಕಲಿಸಿರಲಿಲ್ಲ. ಅದನ್ನು ಯಾರಾದರೂ ಕಲಿಸಬೇಕೆ? ಅವರ ತಾತ ಅವರಿಗೆ ಕಲಿಸಿರಲಿಲ್ಲ. ಎರಡೂ ಅಕ್ಷರ ಹುಟ್ಟಿನಿಂದ ಇದ್ದವರಿಗೆ ಬೇಲಿ ಎಲ್ಲಿದೆ ಎಂದು ಹೇಳಿಕೊಡುವುದು ಬೇಕಿರಲಿಲ್ಲ. ಮಹದೇವುವಿಗೆ ಮಾತ್ರ ಯಾವ ಪದದ ಮುಂದೆ ಉಸಿರಿದೆ, ಯಾವುದರ ಮುಂದೆ ಇಲ್ಲ ಎನ್ನುವುದು ಕತ್ತಲಲ್ಲಿ ತಡಕಿದ ಹಾಗೆ. ಬಿಟ್ಟರೆ ಬಯ್ಯುತ್ತಾರೆ, ಸೇರಿಸಿದರೆ ಭೇಷ್ ಅನ್ನುತ್ತಾರೆ. ಅವನು ಸೇರಿಸುತ್ತ ಹೋದ.

ಜೂನ್ ಎರಡನೆಯ ವಾರ ಸ್ಕೂಲಿನ ಐದನೆಯ ಫಾರಂನಲ್ಲಿ ಪಾಠ ಏರ್ಪಾಟಾಯಿತು. ಮೊದಲು ಬಂದವನು ಬೇರೊಬ್ಬ ಅಭ್ಯರ್ಥಿ. "ಗ್ರೀಕರು ನೆರೆಯವರನ್ನು ಬರ್ಬರರೆಂದು ಹೀಗಳೆಯುತ್ತಿದ್ದರು. ಇದು ಅವರ ಸಂಕುಚಿತ ದೃಷ್ಟಿಯನ್ನು ತೋರಿಸುತ್ತದೆ," ಎಂದು ಟಿಪ್ಪಣಿ ಬರೆಸಿ ಕೂತ. ಉಚ್ಚಾರ ತೊಳೆದಿಟ್ಟ ಹಾಗಿತ್ತು. ಮಕ್ಕಳು ಆಕಳಿಸಿದರು.

ಆಮೇಲೆ ಮಹದೇವು. ಸಮಿತಿಯವರು ಕಾಫಿಗೆ ಹೋಗಿದ್ದರು. ಮೇಷ್ಟರೊಬ್ಬರೇ ಹಿಂದಿನ ಬೆಂಚಿನಲ್ಲಿದ್ದರು. ಸಮಿತಿಯವರು ಬರುವಷ್ಟರಲ್ಲಿ ಶುರುಮಾಡಿಕೋ ಎಂದರು. ಮಹದೇವು ಬಿಳಿ ಷರಟು ತೊಟ್ಟು, ಕಚ್ಚೆಪಂಚೆ ಉಟ್ಟು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಬೋರ್ಡಿನ ಮುಂದೆ ನಿಂತ. ಮಕ್ಕಳನ್ನು ನೋಡಿ ಮುಖ ಅರಳಿತು.

"ನಂಜನಗೂಡ್ ಕಡೆಯೋರು ಮಾತಾಡುದ್ರೆ ನಿಮ್ಗೆ ನಗು ಬರುತ್ತಾ?"

"ಬರುತ್ತೆ ಸಾರ್!"

"ಅವ್ರಿಗೆ ನಿಮ್ಮ ಮಾತು ಕೇಳುದ್ರೆ?"

ಮಕ್ಕಳು ಮುಖಮುಖ ನೋಡಿಕೊಂಡರು. ಆಮೇಲೆ ಇಡೀ ಕ್ಲಾಸು ನಕ್ಕಿತು. ಅಲ್ಲಿಂದ ಅವನು ಬರ್ ಬರ್ ಎಂದ, ಬೆಣ್ಣೆ ತಿನ್ನುವವರನ್ನು ತಂದ, ಕೃಷ್ಣನನ್ನು ತಂದ. ಎಲ್ಲೆನರು ಅಂದನೋ ಹೆಲ್ಲೆನರು ಅಂದನೋ ಯಾರೂ ಗಮನಿಸಲಿಲ್ಲ. ಅರ್ಧ ಕ್ಲಾಸು ಅವನ ಹಾಗೆಯೇ ಮಾತಾಡುವವರು. ಹಿಂದಿನ ಬೆಂಚಿನವರೂ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಇಂಥ ಪಾಠ ತಾವು ಎಂದೂ ಮಾಡಿಲ್ಲ ಎಂದು ಮೇಷ್ಟರಿಗೆ ಅನ್ನಿಸಿತು. ಹೊಟ್ಟೆಕಿಚ್ಚಾಗಲಿಲ್ಲ, ಕಣ್ಣು ತುಂಬಿತು.

ಆಗ ಬಾಗಿಲು ತೆರೆಯಿತು. ಹೆಡ್‌ಮಾಸ್ಟರ್ ಅಶ್ವತ್ಥಯ್ಯನವರು ಮುಂದೆ, ಅವರ ಹಿಂದೆ ಸ್ಕೂಲಿನ ಟ್ರಸ್ಟಿನ ಅಧ್ಯಕ್ಷರಾದ ಜವಳಿ ವ್ಯಾಪಾರಿ ಪ್ರಭುಸ್ವಾಮಿಯವರು. ಮಕ್ಕಳು ಎದ್ದು ನಿಂತರು, ಕೂತರು. "ನಡೀಲಿ, ನಡೀಲಿ," ಎಂದರು ಪ್ರಭುಸ್ವಾಮಿ.

ಮಹದೇವು ಮೇಷ್ಟರ ಕಡೆ ನೋಡಿದ. ಮೇಷ್ಟರು ಧೈರ್ಯ ಕೊಡಲು ತಲೆಯಾಡಿಸಿದರು. ಅದನ್ನು ಅವನು ಏನೆಂದು ಅರ್ಥಮಾಡಿಕೊಂಡನೋ, ಬೆನ್ನು ನೆಟ್ಟಗೆ ಮಾಡಿಕೊಂಡ. ಮುಖದ ನಗು ಹೋಯಿತು.

"ಪರ್ಷಿಯಾದ ಹರಸನಿಗೆ," ಎಂದ ಒಂದೊಂದೇ ಅಕ್ಷರ ತೂಗಿ, "ಹಡ್ಡಬೀಳುವವರೆಲ್ಲ ಗುಲಾಮರು ಎಂದು ಹಥೆನ್ಸಿನವರು..."

ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಹಥೆನ್ಸಿನವರು ಹೀಜಿಪ್ಟಿನವರನ್ನೂ..."

ಈಗ ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಐದು ನಿಮಿಷದ ಹಿಂದೆ ಅವನ ಜೊತೆ ನಕ್ಕ ಮಕ್ಕಳೇ ಈಗ ಅವನನ್ನು ಕಂಡು ನಗುತ್ತಿದ್ದರು. ಹ ಬಾರದ ಅರ್ಧ ಕ್ಲಾಸೂ ನಕ್ಕಿತು, ಅವರದೇ ಜೋರು. ಅಶ್ವತ್ಥಯ್ಯನವರು ಮೇಜು ಕುಟ್ಟಿದರು. ಕುಟ್ಟುವಾಗ ಅವರ ಮೀಸೆಯೂ ಕುಣಿಯುತ್ತಿತ್ತು.

ಮಹದೇವುವಿಗೆ ತಪ್ಪಾಯಿತೆಂದು ತಿಳಿಯಿತು. ಎಲ್ಲಿ ತಪ್ಪಾಯಿತೆಂದು ತಿಳಿಯಲಿಲ್ಲ. "ಎಲ್ಲೆನರು," ಎಂದ. "ಅಲ್ಲ, ಹೆಲ್ಲೆನರು. ಹವರು... ಅವರು..." ಬಲಗೈ ತಾನಾಗಿ ಮೇಲೆದ್ದು ಬಾಯಿಂದ ಗೇಣುದ್ದ ದೂರ ನಿಂತಿತು. ಇಲ್ಲದ ಹಾಳೆಯನ್ನು ಎರಡು ಬೆರಳು ಹಿಡಿದಿದ್ದವು. ಕ್ಲಾಸಿಗೆ ಅದೇನೆಂದು ತಿಳಿಯದೆ ಇನ್ನೂ ನಗು ಬಂತು. ಅದು ಏನೆಂದು ಗೊತ್ತಿದ್ದದ್ದು ಆ ಕೋಣೆಯಲ್ಲಿ ಇನ್ನೊಬ್ಬರಿಗೆ ಮಾತ್ರ. ಅವರು ನೆಲ ನೋಡಿದರು. ತಲೆ ಎತ್ತುವಷ್ಟರಲ್ಲಿ ಮಹದೇವು ಡಸ್ಟರನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋಗಿದ್ದ.

ಸಮಿತಿ ಸೇರಲು ಎರಡು ದಿನವಿತ್ತು. ಆ ಎರಡು ದಿನ ಮೇಷ್ಟರು ಊಟ ಮರೆತು ಲೈಬ್ರರಿಯಲ್ಲಿ ಕೂತರು. ಮಹದೇವುವಿನ ಪರವಾಗಿ ಏನಾದರೊಂದು ಆಧಾರ ಸಿಗಬೇಕಾಗಿತ್ತು, ಸಿಕ್ಕಿತು. ಸಿಕ್ಕಿದ್ದನ್ನು ಓದಿ ಪುಸ್ತಕ ಮುಚ್ಚಿ, ಮತ್ತೆ ತೆರೆದು ಓದಿದರು. ಸಮುದ್ರದ ಪೂರ್ವದ ದಡದಲ್ಲಿದ್ದ ಅಯೋನಿಯದ ಗ್ರೀಕರಿಗೆ ಹ ಬರುತ್ತಿರಲಿಲ್ಲ. ತಮ್ಮನ್ನು ತಾವೇ ಅವರು ಎಲ್ಲೆನರು ಎನ್ನುತ್ತಿದ್ದರು. ಗ್ರೀಕರಲ್ಲಿ ಮೊದಮೊದಲು ಚರಿತ್ರೆ ಬರೆದವರೂ ಆ ದಡದವರೇ. ಹಕಾರದ ಅಕ್ಷರ ಉಪಯೋಗವಿಲ್ಲವೆಂದು ಅದನ್ನು ಏಕಾರಕ್ಕೆ ಬಳಸಿಕೊಂಡರು. ಕೊನೆಗೆ ಅಥೆನ್ಸಿನವರೂ ಆ ಅಕ್ಷರಮಾಲೆಯನ್ನೇ ತರಿಸಿಕೊಂಡರು. ಮಹದೇವು ತನ್ನಷ್ಟಕ್ಕೆ ಸರಿಯಾಗಿಯೇ ಇದ್ದ. ಅವನನ್ನು ಸರಿಮಾಡಲು ಹೋದದ್ದು ಯಾರು?

ಸಮಿತಿಯ ಮುಂದೆ ಮೇಷ್ಟರು ಇದನ್ನೆಲ್ಲ ಹೇಳಿದರು. ಇನ್ನೊಂದು ಸಲ ಅವನಿಗೆ ಪಾಠ ಕೊಡಿ, ನೀವು ಹೊರಗೆ ನಿಂತು ಕೇಳಿ, ಅವನ ಮಾತಿನಲ್ಲೇ ಹೇಳಲಿ ಎಂದು ಕೈಮುಗಿದರು.

"ಭಲೇ!" ಎಂದರು ಪ್ರಭುಸ್ವಾಮಿ. "ಎಂಥಾ ಸಂಗತಿ ಹೇಳುದ್ರಿ ಮೇಷ್ಟ್ರೇ! ಗ್ರೀಕರಲ್ಲೂ ನಮ್ ಕೊಪ್ಪಲಿನೋರು ಇದ್ರು ಅನ್ನಿ." ಹೊಟ್ಟೆ ಕುಲುಕಿಸಿ ನಕ್ಕರು. ಇದನ್ನು ರೋಟರಿ ಕ್ಲಬ್ಬಿನಲ್ಲಿ ಹೇಳಬೇಕು ಎಂದರು.

ಅಶ್ವತ್ಥಯ್ಯನವರು ನಗಲಿಲ್ಲ. ಅವರೂ ಕೆಟ್ಟವರಲ್ಲ. "ಸುಂದರೇಶ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹ ಬಿಟ್ಟಿದ್ರೆ ನಾನೇ ಒಪ್ಪಿಸ್ತಿದ್ದೆ. ಹಳ್ಳಿ ಅಭ್ಯಾಸ, ಮಕ್ಕಳಿಗೂ ಗೊತ್ತಿರೋದೇ, ಯಾರೂ ನಗ್ತಿರಲಿಲ್ಲ. ಆದರೆ ಆತ ಇಲ್ಲದ ಕಡೆ ಸೇರಿಸ್ತಾರಲ್ರೀ. ನಾಳೆ ಆತ ಕ್ಲಾಸಿಗೆ ಕಾಲಿಟ್ಟರೆ ಮಕ್ಕಳು ಹಥೆನ್ಸ್ ಅಂತಲೇ ಕೂಗ್ತಾರೆ. ಪಾಪ, ಆ ಮನುಷ್ಯನಿಗೆ ಯಾರು ಈ ಚಾಳಿ ಹಿಡಿಸಿದರೋ!"

ಮೇಷ್ಟರು ಬಾಯಿ ತೆರೆದರು. ನಾನೇ ಎನ್ನುವುದು ಎರಡೇ ಅಕ್ಷರ. ಅದರಲ್ಲಿ ಹಕಾರವೂ ಇಲ್ಲ, ಮಹಾಪ್ರಾಣವೂ ಇಲ್ಲ. ಬಹಳ ಹೊತ್ತಾದ ಮೇಲೆ ಅದು ಹೊರಗೆ ಬಂತು.

"ನಾನೇ."

"ಏನೋ, ಒಳ್ಳೇದಕ್ಕೇ ಮಾಡಿದ್ರಿ," ಎಂದು ಅಶ್ವತ್ಥಯ್ಯನವರು ಟಿಪ್ಪಣಿ ಬರೆಸಿದವನ ಅರ್ಜಿಗೆ ರುಜು ಹಾಕಿದರು.

ಕುಂಬಾರಕೊಪ್ಪಲು ಒಂಟಿಕೊಪ್ಪಲಿಗೆ ಮಗ್ಗುಲಲ್ಲೇ ಇತ್ತು, ಹತ್ತು ನಿಮಿಷದ ದಾರಿ. ಮೇಷ್ಟರು ಎರಡು ಸಾಯಂಕಾಲ ಕೊಡೆ ಹಿಡಿದು ಹೊರಟು ಅರ್ಧ ದಾರಿಯಿಂದ ಹಿಂದಿರುಗಿದರು. ಹೋಗಿ ಏನು ಹೇಳುವುದು? ಗ್ರೀಕರ ಆಧಾರ ಹೇಳುವುದೇ? ಮೂರನೆಯ ದಿನ ಜಗಲಿಯ ಗೂಡಿನ ಲೋಟವನ್ನು ತಾವೇ ಒಳಗೆ ತಂದು ಬೆಳ್ಳಿಯ ಲೋಟದ ಪಕ್ಕದಲ್ಲಿಟ್ಟರು. ಚೂಡಾಮಣಿ ಎರಡನ್ನೂ ಒಟ್ಟಿಗೇ ತೊಳೆದಿಟ್ಟಳು. ಕುಡಿಯುವವನು ಮಾತ್ರ ಬರಲಿಲ್ಲ.

ಪಾಠವಾಗಿ ಎಂಟನೆಯ ದಿನ ಬೆಳಗ್ಗೆ ದೇವಿರಮ್ಮ ಹಾಲು ಅಳೆದುಕೊಟ್ಟ ಮೇಲೂ ಗೇಟಿನ ಹತ್ತಿರವೇ ನಿಂತಳು.

"ಅಯ್ನೋರ್ ಅವ್ರಾ ಅವ್ವಾರೆ?"

ಮೇಷ್ಟರು ಹೊರಗೆ ಬಂದರು. ಅವಳ ಮುಖ ನೋಡುವ ಧೈರ್ಯವಾಗದೆ ಬಿಂದಿಗೆ ನೋಡಿದರು.

"ನಮ್ ಮಾದೇವ ಮಾತಾಡಾದ್ನೇ ಬುಟ್ಬುಟ್ಟವ್ನೆ ಅಯ್ನೋರೆ," ಎಂದಳು ದೇವಿರಮ್ಮ. "ಕೆಲ್ಸ ಓದ್ರೆ ಓಗ್ಲಿ, ಅದ್ ಬುಡಿ, ಎಮ್ಮೆ ಮೇಯ್ಸ್ಕಂಡಾದ್ರೂ ಇರ್ತಾನೆ. ಮಾತಾಡ್ಬೇಕಲ್ಲ? ಉಂಡ್ಯೇನ್ಲಾ ಅಂದ್ರೆ ಕೈಯ್ಯ ಬಾಯ್ ಮುಂದ್ಕೆ ತತ್ತಾನೆ, ಏನ್ ನೋಡ್ತಾನೋ ಕಾಣೆ. ಆಮ್ಯಾಕೆ ಸುಮ್ಕೆ ತಲೆ ಆಡುಸ್ತಾನೆ. ನನ್ನ ಅವ್ವಾ ಅಂತ ಕೂಗಿ ಎಂಟ್ ದಿನ ಆಯ್ತು."

ಮೇಷ್ಟರು ಜಗಲಿಯಿಂದ ಕೆಳಗಿಳಿದರು.

"ನೀವೇ ಏಳ್ಕೊಟ್ರಂತೆ ಅದ. ಒಳ್ಳೇದ್ಕೇ ಏಳ್ಕೊಟ್ಟಿದ್ದೀರಿ, ನಾನೇನ್ ಇಲ್ಲ ಅನ್ನಾಕಿಲ್ಲ. ಈಗ ತಗ್ದ್ಬುಡಿ ಅಯ್ನೋರೆ, ನಿಮ್ ಕಾಲ್ಗ್ ಬೀಳ್ತೀನಿ."

"ಯಾವುದನ್ನ ದೇವಿರಮ್ಮ?"

"ಅದೇ..." ದೇವಿರಮ್ಮ ಬಾಯಿ ತೆರೆದಳು. "ಅದೇ ಅಯ್ನೋರೆ, ಆ... ಅ..." ಅದರ ಹೆಸರು ಅವಳ ಬಾಯಿಗೆ ಬರಲಿಲ್ಲ. ಇನ್ನೊಂದು ಸಲ ಉಸಿರು ಕಟ್ಟಿ ಪ್ರಯತ್ನಿಸಿದಳು. "ಅ."

ಮಗನಿಂದ ಏನನ್ನು ತೆಗೆಯಬೇಕೋ ಅದನ್ನು ಹೇಳಲಾರದೆ ಅವಳು ನಿಂತಿದ್ದಳು. ಅದನ್ನು ಹೇಗೆ ತೆಗೆಯಬೇಕೆಂದು ಗೊತ್ತಿಲ್ಲದೆ ಮೇಷ್ಟರು ನಿಂತಿದ್ದರು. ಕಲಿಸುವುದಕ್ಕೆ ಹಾಳೆಯಿತ್ತು. ಮರೆಸುವುದಕ್ಕೆ ಏನು ಹಿಡಿಯಬೇಕು?

ದೇವಿರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಚೂಡಾಮಣಿಯ ಕಡೆ ತಿರುಗಿದಳು.

"ನಾನೂ ತಪ್ಪಾಗೇ ಕೂಗ್ತಿದ್ನಾ ಅವ್ವಾರೆ, ಇಷ್ಟ್ ವರ್ಸ?"

"ಇಲ್ಲ ಕಣಮ್ಮ! ಯಾರು ಹೇಳಿದ್ದು? ನೀನು ಕೂಗೋದು ಸರಿಯಾಗೇ ಇದೆ," ಎಂದಳು ಚೂಡಾಮಣಿ.

ದೇವಿರಮ್ಮ ತಲೆಯಾಡಿಸಿ ಬಿಂದಿಗೆ ಎತ್ತಿಕೊಂಡು ಹೋದಳು.

ಮರುದಿನ ಬೆಳಗ್ಗೆ ಮೇಷ್ಟರು ಐದೂವರೆಗೇ ಎದ್ದು ಜಗಲಿಯಲ್ಲಿ ಕೂತು ಕಿವಿಗೊಟ್ಟು ಕಾದರು. ಆರು ಹೊಡೆಯಿತು. ದೇವಿರಮ್ಮ ಬಂದಳು. ಕೂಗಲಿಲ್ಲ, ಗೇಟಿನ ಚಿಲಕ ಬಡಿದಳು.